ಗೋವಾ ಟ್ರಯಥ್ಲಾನ್‌ಗೆ ಹೋಗಲೋ ಬೇಡವೋ: ನಾನು ತೀರ್ಮಾನಿಸಿದ ಬಗೆ

ಗೋವಾದ ಐರನ್‌ಮ್ಯಾನ್ 70.3, ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮಾಡುವ ಟ್ರಯಥ್ಲಾನ್‌ಗೆ ಬೆಂಗಳೂರಿನಿಂದ ತಯಾರಾಗುವವರಿಗೆಲ್ಲ ಒಂದೇ ತೊಡಕು. ಸ್ಪರ್ಧೆ ನಡೆಯುವುದು ಅಕ್ಟೋಬರ್ ಇಲ್ಲವೇ ನವೆಂಬರ್‌ನಲ್ಲಿ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲ, ಕಡಲಿಗೆ ಇಳಿಯುವ ಹಾಗಿಲ್ಲ. ಬಸವನಗುಡಿಯ ಈಜುಕೊಳದಲ್ಲಿ ಎಷ್ಟೇ ಲ್ಯಾಪ್ ಹೊಡೆದರೂ ಸಮುದ್ರದಲ್ಲಿ ನಾವು ಏನಾಗುತ್ತೇವೆ ಅನ್ನುವುದು ಕೊನೆಯ ವಾರಗಳವರೆಗೂ ಗೊತ್ತಾಗುವುದಿಲ್ಲ. ಇದರ ಮೇಲೆ, ನಾನು ಹೆಸರು ಕೊಟ್ಟ ವರ್ಷ ಆಗಸ್ಟ್‌ನಲ್ಲಿ ನನಗೆ ಜ್ವರ ಬಂತು. ಎದ್ದು ಕೂರುವಷ್ಟರಲ್ಲಿ ಚಿಕ್ಕಬಳ್ಳಾಪುರದ ಕಡೆಗಿನ ಲಾಂಗ್ ಸೈಕಲ್ ರೈಡ್‌ಗಳೆಲ್ಲ ತಪ್ಪಿಹೋಗಿದ್ದವು.

ಹೋಗಲೋ ಬೇಡವೋ ಅಂತ ಕೇಳಿದರೆ ಒಬ್ಬರು ಧೈರ್ಯ ಮಾಡು ಅಂದರು, ಇನ್ನೊಬ್ಬರು ಮುಂದಿನ ವರ್ಷ ನೋಡೋಣ ಬಿಡು ಅಂದರು. ಎರಡೂ ನನ್ನ ಒಳ್ಳೆಯದಕ್ಕೇ ಹೇಳಿದ ಮಾತು. ಆದರೆ ತೀರ್ಮಾನಕ್ಕೆ ದಾರಿ ಸಿಕ್ಕಿದ್ದು 'ತಯಾರಿ ಸಾಲದು' ಅನ್ನುವ ಆ ಒಂದು ಅಳುಕನ್ನು ಎರಡಾಗಿ ಒಡೆದಾಗ. ಜೀವಕ್ಕೆ ಕುತ್ತು ತರುವ ಕೊರತೆ ಯಾವುದು, ಬರೀ ನಿಧಾನ ಮಾಡಿಸುವ ಕೊರತೆ ಯಾವುದು? ಕಟ್ಟಿದ ಫೀಸನ್ನು ಈ ಲೆಕ್ಕಕ್ಕೆ ಸೇರಿಸಲೇ ಇಲ್ಲ. ಹೋದರೂ ಬಿಟ್ಟರೂ ಆ ಹಣ ಖರ್ಚಾದದ್ದೇ.

ಮೊದಲು ಡಾಕ್ಟರ ಹತ್ತಿರ ಹೋದೆ. ವೈರಲ್ ಜ್ವರದ ನಂತರ ಹೃದಯದ ಸ್ನಾಯುವಿನಲ್ಲಿ ಉರಿಯೂತ ಉಳಿದಿದ್ದರೆ ಕಠಿಣ ವ್ಯಾಯಾಮ ಅಪಾಯಕಾರಿ. ಇಸಿಜಿ ನೋಡಿ, ಎದೆ ಪರೀಕ್ಷಿಸಿ ಅವರು ಒಪ್ಪಿಗೆ ಕೊಡುವವರೆಗೆ ಬೇರೆ ಯಾವ ಯೋಚನೆಯನ್ನೂ ಮಾಡಲಿಲ್ಲ.

ಆಮೇಲಿನದು ಈಜು. ಅಮೆರಿಕದಲ್ಲಿ 1985ರಿಂದ 2016ರವರೆಗೆ ಟ್ರಯಥ್ಲಾನ್‌ಗಳಲ್ಲಿ ದಾಖಲಾದ 135 ಸಾವು ಮತ್ತು ಹೃದಯಸ್ತಂಭನಗಳಲ್ಲಿ 90 ಈಜಿನಲ್ಲೇ ಆದವು. ಸೈಕಲ್‌ನಲ್ಲಿ ಸುಸ್ತಾದರೆ ರಸ್ತೆ ಬದಿ ಕೂರಬಹುದು, ಓಟದಲ್ಲಿ ನಡೆಯಬಹುದು. ನೀರಿನಲ್ಲಿ ಆ ಅನುಕೂಲ ಇಲ್ಲ. ಹಾಗಾಗಿ ನನ್ನ ಹೌದು-ಅಲ್ಲ ಎರಡನ್ನೂ ಸಮುದ್ರಕ್ಕೇ ಬಿಟ್ಟೆ. ಕಡಲು ಶಾಂತವಾದ ಮೇಲೆ ಮಂಗಳೂರಿನ ತಣ್ಣೀರುಬಾವಿ ಕಡಲತೀರಕ್ಕೆ ಹೋಗಿ, ದಡಕ್ಕೆ ಸಮಾನಾಂತರವಾಗಿ ಎಲ್ಲೂ ನಿಲ್ಲದೆ ಒಂದೂವರೆ ಕಿಲೋಮೀಟರ್ ಈಜಬೇಕು. ನಡುವೆ ಉಸಿರು ಕಟ್ಟಿದರೆ ಅಂಗಾತ ತೇಲಿ, ಸಮಾಧಾನವಾದ ಮೇಲೆ ಮತ್ತೆ ಹೊರಡಲು ಆಗಬೇಕು. ಆಗದಿದ್ದರೆ ಗೋವಾಕ್ಕೆ ಚಪ್ಪಾಳೆ ತಟ್ಟಲು ಹೋಗುವುದು. ಈ ಷರತ್ತನ್ನು ಮೊದಲೇ ಬರೆದು ಮನೆಯವರಿಗೆ ತೋರಿಸಿದ್ದೆ. ದಡದಲ್ಲಿ ನಿಂತು ಷರತ್ತು ಸಡಿಲಿಸುವ ಆಸೆ ಯಾರಿಗಾದರೂ ಬರುತ್ತದೆ.

ಆ ನೀರನ್ನು ಚೆನ್ನಾಗಿ ಬಲ್ಲ ಗೆಳೆಯ ಕಯಾಕ್ ಎಂಬ ಸಣ್ಣ ದೋಣಿಯಲ್ಲಿ ಜೊತೆಗೆ ಬಂದ. ಸೊಂಟಕ್ಕೆ ಕಿತ್ತಳೆ ಬಣ್ಣದ ಫ್ಲೋಟ್ ಕಟ್ಟಿಕೊಂಡು ಇಳಿದೆ. ಪಕ್ಕದಲ್ಲೇ ಫಲ್ಗುಣಿ ನದಿ ಕಡಲು ಸೇರುವುದರಿಂದ ನೀರು ಕೆಂಪಗೆ ಕದಡಿತ್ತು. ಮುಂದೆ ಚಾಚಿದ ಕೈಯ ಬೆರಳು ಕಾಣುತ್ತಿರಲಿಲ್ಲ, ಕೆಳಗೆ ಕೊಳದ ಕಪ್ಪು ಗೆರೆಯೂ ಇಲ್ಲ. ಮೊದಲ ಕೆಲವು ನಿಮಿಷ ಉಸಿರು ಮೇಲೆ ಮೇಲೆಯೇ ಆಡಿತು. ಅಂಗಾತ ತಿರುಗಿ ಆಕಾಶ ನೋಡುತ್ತಾ ಬಾಯಲ್ಲಿ ಉಸಿರನ್ನು ಪೂರ್ತಿ ಊದಿದೆ. ಉಸಿರು ಹೊರಬಿಡುವುದೇ ಮುಖ್ಯ, ಒಳಗೆ ಅದು ತಾನಾಗಿ ಬರುತ್ತದೆ. ಆಮೇಲೆ ಕೆಲವು ಸ್ಟ್ರೋಕ್‌ಗೊಮ್ಮೆ ಕಣ್ಣಷ್ಟೇ ನೀರಿನಿಂದ ಮೇಲೆತ್ತಿ ದಡದ ಗಾಳಿಮರಗಳನ್ನು ಗುರಿ ಹಿಡಿದೆ. ದೂರ ಮುಗಿಯಿತು. ನಿಧಾನವಾಗಿ, ಆದರೆ ಮುಗಿಯಿತು.

ಉಳಿದದ್ದು ಗಡಿಯಾರದ ಲೆಕ್ಕ, ಅಂದರೆ ಕಟ್-ಆಫ್: ಇಷ್ಟರೊಳಗೆ ಮುಗಿಸದಿದ್ದರೆ ಸ್ಪರ್ಧೆಯಿಂದ ಹೊರಗೆ ಅನ್ನುವ ಗಡುವು. 1.9 ಕಿ.ಮೀ. ಈಜಿಗೆ 1 ಗಂಟೆ 10 ನಿಮಿಷ. ಶುರುವಿನಿಂದ ಐದೂವರೆ ಗಂಟೆಯೊಳಗೆ 90 ಕಿ.ಮೀ. ಸೈಕಲ್ ಮುಗಿಯಬೇಕು, 21.1 ಕಿ.ಮೀ. ಓಟವೂ ಸೇರಿ ಒಟ್ಟು ಎಂಟೂವರೆ ಗಂಟೆ. ನನ್ನ ಈಜಿಗೆ 1 ಗಂಟೆ 5 ನಿಮಿಷ, ಬಟ್ಟೆ ಬದಲಿಸಲು ಹತ್ತು ನಿಮಿಷ ಹಿಡಿದೆ. ಸೈಕಲ್ ಗಂಟೆಗೆ 24 ಕಿ.ಮೀ. ಆದರೆ 3 ಗಂಟೆ 45 ನಿಮಿಷ. ಓಟಕ್ಕೆ ಹೆಚ್ಚುಕಡಿಮೆ 3 ಗಂಟೆ 30 ನಿಮಿಷ ಉಳಿಯುತ್ತದೆ, ಕಿಲೋಮೀಟರಿಗೆ ಒಂಬತ್ತು ನಿಮಿಷ ಹಿಡಿದರೂ ಸಾಕು. ಆದರೆ ಬೆಂಗಳೂರಿನ ತಂಪಿನ 24 ಗೋವಾದ ಸೆಕೆಯಲ್ಲಿ 24 ಆಗಿ ಉಳಿಯುವುದಿಲ್ಲ. ಅದಕ್ಕೇ ಪರೀಕ್ಷೆಯ ರೈಡನ್ನು ಬೆಳಗಿನ ಚಳಿಯಲ್ಲಿ ಮಾಡದೆ ಬಿಸಿಲೇರಿದ ಮೇಲೆ ಹೊರಟೆ. 26 ಬಂತು. ಹೋಗುವುದು ಅಂತ ಅವತ್ತು ರಾತ್ರಿ ತೀರ್ಮಾನವಾಯಿತು.

ಕೊನೆಯ ಎರಡು ವಾರ ತಪ್ಪಿಹೋದ ರೈಡ್‌ಗಳ ಬಾಕಿ ತೀರಿಸಲು ಹೋಗಲಿಲ್ಲ. ಆ ಹೊತ್ತಿಗೆ ಮಾಡಿದ ಕಸರತ್ತು ಕಾಲಿಗೆ ದಣಿವನ್ನಷ್ಟೇ ಸೇರಿಸುತ್ತದೆ.

ಸ್ಪರ್ಧೆಯ ದಿನ ಗೋವಾದ ಮೀರಾಮಾರ್ ಕಡಲತೀರದಲ್ಲಿ ಎಲ್ಲರಿಗಿಂತ ಹಿಂದಿನ ಗುಂಪಿನಲ್ಲಿ ನಿಂತೆ. ಮಾಂಡೋವಿ ನದಿಯ ಅಳಿವೆ ಅಲ್ಲೇ, ನೀರು ಅಲ್ಲೂ ಕದಡಿದ್ದೇ. ಎದೆ ಬಿಗಿಯಾದಾಗ ಒಮ್ಮೆ ಕಾವಲಿಗಿದ್ದ ಕಯಾಕ್ ಹಿಡಿದು ಸುಧಾರಿಸಿಕೊಂಡೆ. ಅದನ್ನು ಹಿಡಿದು ಮುಂದೆ ಸಾಗದಿದ್ದರೆ ನಿಯಮದಲ್ಲಿ ಅಡ್ಡಿಯಿಲ್ಲ. ಸಮಯದೊಳಗೆ ದಡ ಹತ್ತಿದೆ. ಓಟದ ಕೊನೆಯ ಸುತ್ತಿನಲ್ಲಿ ನೀರಿನ ಕೇಂದ್ರಗಳಲ್ಲೆಲ್ಲ ನಡೆದೆ, ಟೋಪಿಯೊಳಗೆ ಐಸ್ ಇಟ್ಟುಕೊಂಡೆ. ಕಟ್-ಆಫ್‌ಗೆ ಇನ್ನೂ ಸ್ವಲ್ಪ ಹೊತ್ತು ಇರುವಾಗಲೇ ಮುಗಿಸಿದೆ.

ಇದೆಲ್ಲ ಅರ್ಧ ದೂರದ ಲೆಕ್ಕ. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಆಮೇಲೆ ಪೂರ್ತಿ ಮ್ಯಾರಥಾನ್ ಇರುವ ಐರನ್‌ಮ್ಯಾನ್‌ಗೆ ಲಾಂಗ್ ರೈಡ್‌ಗಳು ಇಷ್ಟು ತಪ್ಪಿದ್ದರೆ ನಾನು ಹೆಸರು ಹಿಂತೆಗೆದುಕೊಳ್ಳುತ್ತಿದ್ದೆ.