ಹಂಡೆ ನೀರು, ಚೊಂಬು ಮತ್ತು ಡಾಲರ್ ಗ್ರಾಂಟ್: ನನ್ನ ಅನುಭವ

ಹಳ್ಳಿಗಳಲ್ಲಿ ಫಿಟ್ಸ್ (ಮೂರ್ಛೆರೋಗ) ಇರುವವರನ್ನು ಹುಡುಕುವ ಸಂಶೋಧನೆಗೆ ಅಮೆರಿಕದ ಗ್ರಾಂಟ್, ಅಂದರೆ ಧನಸಹಾಯ, ಕೇಳಿ ಮೊದಲ ಸಲ ಅರ್ಜಿ ಹಾಕಿದಾಗ ನಾನು ಒಂದು ಕಡೆ ‘ಹಾಟ್ ವಾಟರ್ ಬಾತ್’ ಅಂತ ಬರೆದಿದ್ದೆ. ಅಮೆರಿಕದ ಪರಿಶೀಲಕರೊಬ್ಬರು ಅದನ್ನು ಟಬ್‌ನಲ್ಲಿ ಕೂತು ಮಾಡುವ ಸ್ನಾನ ಅಂದುಕೊಂಡರು. ಹಳ್ಳಿ ಮನೆಗಳಲ್ಲಿ ಟಬ್ ಇರುತ್ತದೆಯೇ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಹಂಡೆಯಿಂದ ಬಿಸಿನೀರು ತೋಡಿ, ಚೊಂಬಿನಲ್ಲಿ ತಲೆ ಮೇಲೆ ಒಂದರ ಹಿಂದೊಂದು ಹೊಯ್ದುಕೊಳ್ಳುವುದು ಅಂತ ನಾನೇ ಬಿಡಿಸಿ ಬರೆಯಬೇಕಿತ್ತು.

ನಾನು ನರರೋಗ ವೈದ್ಯ. ದಕ್ಷಿಣ ಕರ್ನಾಟಕದ ಒಂದು ಟ್ರಸ್ಟ್ ಮೆಡಿಕಲ್ ಕಾಲೇಜಿನಲ್ಲಿ ಕೆಲಸ. ನಮ್ಮ ಒಪಿಡಿಗೆ ಬರುವವರಲ್ಲಿ ಫಿಟ್ಸ್ ಇರುವವರೇ ಜಾಸ್ತಿ. ಅವರಲ್ಲಿ ಕೆಲವರಿಗೆ ತಲೆಗೆ ಸ್ನಾನ ಮಾಡುವಾಗ ಮಾತ್ರ ಫಿಟ್ಸ್ ಬರುತ್ತದೆ. 40ರಿಂದ 50 ಡಿಗ್ರಿ ಬಿಸಿಯ ನೀರು ತಲೆ ಮೇಲೆ ಬಿದ್ದರೆ ಸಾಕು, ಮಾತು ತಡವರಿಸುತ್ತದೆ, ನೋಟ ಒಂದೇ ಕಡೆ ನೆಟ್ಟುಬಿಡುತ್ತದೆ, ಕೆಲವರು ಬಿದ್ದೇ ಹೋಗುತ್ತಾರೆ. ಜಗತ್ತಿನ ಬೇರೆ ಕಡೆ ಅಪರೂಪವಾದ ಈ ತೊಂದರೆ ನಮ್ಮ ಹಳೇ ಮೈಸೂರು ಕಡೆ ಮಾಮೂಲಿ. ಇದನ್ನು ಕುರಿತು ನಿಮ್ಹಾನ್ಸ್‌ನವರು ದಶಕಗಳಿಂದ ಬರೆದಿದ್ದಾರೆ. ಕೆಲವರಿಗೆ ದಿನಾ ಮಾತ್ರೆಯೂ ಬೇಕಿಲ್ಲ. ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಅನ್ನುವ ಮಾತ್ರೆ ಕೊಟ್ಟರೆ ಆಯಿತು. (ಓದಿಕೊಂಡು ನೀವೇ ತಗೊಳ್ಳಬೇಡಿ, ವೈದ್ಯರಿಗೆ ತೋರಿಸಿ.)

ಅಂದರೆ ಔಷಧಿ ಇದೆ, ಅಗ್ಗವೂ ಹೌದು. 1990ರ ದಶಕದಲ್ಲಿ ಯಳಂದೂರಿನಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಿದರು. ಫಿನೋಬಾರ್ಬಿಟೋನ್, ಫಿನಿಟಾಯಿನ್‌ನಂಥ ಹಳೇ ಮಾತ್ರೆಗಳಿಂದಲೇ ಹಳ್ಳಿಯಲ್ಲಿ ಫಿಟ್ಸ್ ಹತೋಟಿಗೆ ತರಬಹುದು ಅಂತ ತೋರಿಸಿದರು. ನಿಮ್ಹಾನ್ಸ್‌ನವರು 1993–95ರಲ್ಲಿ ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟ ಜನರನ್ನು ನೋಡಿದಾಗ ಫಿಟ್ಸ್ ಪೇಟೆಯಲ್ಲಿ ಸಾವಿರಕ್ಕೆ 5.7, ಹಳ್ಳಿಯಲ್ಲಿ 11.9 ಇತ್ತು. ಹಳ್ಳಿಯಲ್ಲಿ ಎರಡರಷ್ಟು! ವೈದ್ಯರು ಇರುವುದು ಮಾತ್ರ ಪೇಟೆಯಲ್ಲಿ.

ಹಾಗಾದರೆ ಹಳ್ಳಿಯಲ್ಲಿ ಇವರನ್ನು ಹುಡುಕುವವರು ಯಾರು? ಆಶಾ ಕಾರ್ಯಕರ್ತೆಯರು ಹುಡುಕಬಹುದೇ? ಮನೆಯವರು ಮೊಬೈಲಿನಲ್ಲಿ ತೆಗೆದ ವಿಡಿಯೋ ನೋಡಿ ನಾವು ಇಲ್ಲಿಂದಲೇ ಇದು ಫಿಟ್ಸ್, ಇದು ಅಲ್ಲ ಅಂತ ಹೇಳಬಹುದೇ? ಇದೇ ನನ್ನ ಪ್ರಶ್ನೆ. ಇದಕ್ಕೆ ದೊಡ್ಡ ಯಂತ್ರ ಬೇಡ. ಜನ ಬೇಕು, ಓಡಾಟ ಬೇಕು, ಎರಡು ವರ್ಷ ಸಂಬಳ ಕೊಡಲು ದುಡ್ಡು ಬೇಕು.

2017ರಲ್ಲಿ ಒಂದು ಸಮ್ಮೇಳನದಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದರ ಪ್ರೊಫೆಸರ್ ಪರಿಚಯವಾದರು. ಊಟದ ಸಾಲಿನಲ್ಲಿ ನಿಂತಿದ್ದಾಗ ಬಿಸಿನೀರಿನ ಫಿಟ್ಸ್ ಬಗ್ಗೆ ಹೇಳಿದೆ. ಅವರಿಗೆ ಕುತೂಹಲ ಹತ್ತಿತು. ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆಯಾದ ಎನ್‌ಐಎಚ್‌ನ ಫೋಗಾರ್ಟಿ ಕೇಂದ್ರದವರ ಒಂದು ಯೋಜನೆ ಇದೆ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಮೆದುಳು, ನರಗಳ ಕಾಯಿಲೆ ಮೇಲೆ ಸಂಶೋಧನೆ ಮಾಡಲೆಂದೇ ಇರುವುದು ಎಂದರು. ಆರ್21 ಅನ್ನುವುದು ಅದರ ಚಿಕ್ಕ ಗ್ರಾಂಟ್. ಎರಡು ವರ್ಷಕ್ಕೆ, ವರ್ಷಕ್ಕೆ ಹೆಚ್ಚೆಂದರೆ 1.25 ಲಕ್ಷ ಡಾಲರ್ ನೇರ ಖರ್ಚು. ಸಂಶೋಧನೆಯ ಜೊತೆಗೆ ಇಲ್ಲಿನವರ ಸಂಶೋಧನಾ ಶಕ್ತಿಯನ್ನೂ ಬೆಳೆಸಬೇಕು ಅನ್ನುವುದು ಅದರ ಷರತ್ತು. ಈ ಷರತ್ತನ್ನು ನಾವು ಮೊದಲು ಸುಮ್ನೆ ಓದಿ ಮುಂದೆ ಹೋದೆವು.

2018ರಲ್ಲಿ ಅರ್ಜಿ ಹೋಯಿತು. ಬರೆದದ್ದು ಬಹುಪಾಲು ಅವರು. ನಾನು ಹಳ್ಳಿ ವಿವರ ಕೊಟ್ಟೆ, ಬಯೋಸ್ಕೆಚ್ (ನನ್ನ ಓದು, ಕೆಲಸದ ಕಿರು ಪರಿಚಯ) ಕೊಟ್ಟೆ, ಸಹಿ ಹಾಕಿದೆ. ಕೆಲವು ತಿಂಗಳಾದ ಮೇಲೆ ಉತ್ತರ ಬಂತು: ‘ನಾಟ್ ಡಿಸ್ಕಸ್ಡ್’. ಅಲ್ಲಿ ಒಬ್ಬೊಬ್ಬ ಪರಿಶೀಲಕರೂ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. ಕಡಿಮೆ ಅಂಕ ಬಂದಷ್ಟೂ ಒಳ್ಳೆಯದು, ನಮ್ಮ ಪರೀಕ್ಷೆಗೆ ಉಲ್ಟಾ. ಹಿಂದೆ ಬಿದ್ದ ಸುಮಾರು ಅರ್ಧದಷ್ಟು ಅರ್ಜಿಗಳನ್ನು ಸಭೆಯಲ್ಲಿ ಚರ್ಚೆಗೇ ತೆಗೆದುಕೊಳ್ಳುವುದಿಲ್ಲ. ನಮ್ಮದು ಆ ಗುಂಪಿಗೆ ಸೇರಿತ್ತು.

ಎರಡು ದಿನ ಆ ಕಾಗದ ತೆಗೆದು ನೋಡಲಿಲ್ಲ. ಮೂರನೇ ದಿನ ಓದಿದೆ. ಟಬ್ ಪ್ರಶ್ನೆ ಅದರಲ್ಲೇ ಇತ್ತು. ಅದು ಚಿಕ್ಕದು. ನಿಜವಾಗಿ ಚುಚ್ಚಿದ್ದು ಇನ್ನೊಂದು ಸಾಲು. ಭಾರತದ ಪಾಲುದಾರರ ಕೆಲಸ ಬರೀ ಮಾಹಿತಿ ಸಂಗ್ರಹಕ್ಕೆ ಸೀಮಿತವಾದಂತೆ ಕಾಣುತ್ತದೆ ಎಂಬರ್ಥದ ಮಾತು. ಓದಿದಾಗ ಸಿಟ್ಟು ಬಂತು. ಆಮೇಲೆ ಅರ್ಜಿಯನ್ನು ತೆಗೆದು ಮೊದಲಿಂದ ಓದಿದರೆ, ಅವರು ಹೇಳಿದ್ದು ಸರಿ. ಪ್ರಶ್ನೆ ನನ್ನದಾಗಿತ್ತು, ಆದರೆ ಆ ಪುಟಗಳಲ್ಲಿ ನಾನೇ ಇರಲಿಲ್ಲ. ವಿಡಿಯೋ ನೋಡುವವರು ಅಲ್ಲಿನವರು, ಲೆಕ್ಕಾಚಾರ ಮಾಡುವವರು ಅಲ್ಲಿನವರು. ನಾವು ಹಳ್ಳಿಗೆ ಹೋಗಿ ಫಾರಂ ತುಂಬಿಸಿಕೊಂಡು ಬರುವವರು.

ಪ್ರೊಫೆಸರ್‌ಗೆ ಫೋನ್ ಮಾಡಿ ನೇರವಾಗಿ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಅರ್ಜಿ ಬದಲಾಯಿತು. ನಾವಿಬ್ಬರೂ ಜಂಟಿ ಮುಖ್ಯ ಸಂಶೋಧಕರಾದೆವು. ಇಬ್ಬರಲ್ಲಿ ಯಾರು ಯಾವುದಕ್ಕೆ ಜವಾಬ್ದಾರರು, ಜಗಳ ಬಂದರೆ ಹೇಗೆ ಬಗೆಹರಿಸಿಕೊಳ್ಳುತ್ತೀರಿ ಅಂತಲೂ ಬರೆದುಕೊಡಬೇಕು. ಮದುವೆಗೆ ಮುಂಚೆಯೇ ಇಂಥ ಪತ್ರ ಬರೆಸಿದರೆ ಎಷ್ಟೋ ಮನೆ ಉಳಿಯುತ್ತಿತ್ತು ಅನ್ನಿಸಿತು. ವಿಡಿಯೋ ಎಲ್ಲವೂ ನಮ್ಮ ಕಾಲೇಜಿನ ಸರ್ವರ್‌ನಲ್ಲೇ ಇರುತ್ತದೆ, ಮೊದಲ ತೀರ್ಪು ನಮ್ಮ ವೈದ್ಯರದು ಅಂತ ಮಾಡಿದೆವು. ನಮ್ಮ ಇಬ್ಬರು ಕಿರಿಯ ವೈದ್ಯರಿಗೆ ಅಂಕಿಅಂಶದ ತರಬೇತಿಗೆ ಬಜೆಟ್‌ನಲ್ಲಿ ದುಡ್ಡಿಟ್ಟೆವು.

ಇಷ್ಟೇ ಸಾಲದು ಅನ್ನಿಸಿತು. ಆರ್21ಗೆ ಮುಂಚಿನ ಮಾಹಿತಿ ಕಡ್ಡಾಯವೇನಲ್ಲ. ಆದರೂ ಇವರಿಂದ ಆಗುತ್ತದೆ ಅನ್ನುವ ನಂಬಿಕೆ ಹುಟ್ಟಬೇಕಲ್ಲ. ಹಾಗಾಗಿ ಸ್ವಂತ ಖರ್ಚಿನಲ್ಲಿ ಎರಡು ಹಳ್ಳಿಯಲ್ಲಿ ನಮ್ಮ ಪ್ರಶ್ನಾವಳಿಯನ್ನು ಪ್ರಯತ್ನಿಸಿದೆವು. ಅದು ಅರ್ಜಿಯನ್ನಷ್ಟೇ ಅಲ್ಲ, ನನ್ನನ್ನೂ ತಿದ್ದಿತು.

‘ನಿಮಗೆ ಯಾವಾಗಲಾದರೂ ಪ್ರಜ್ಞೆ ತಪ್ಪಿದೆಯೇ?’ ಇದು ನಮ್ಮ ಮೊದಲ ಪ್ರಶ್ನೆ. ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಸರಿ ನೋಡಿದ ಪ್ರಶ್ನೆ. ಹಳ್ಳಿಯಲ್ಲಿ ಎಲ್ಲರೂ ‘ಇಲ್ಲ’ ಅಂದರು. ಜೊತೆಗಿದ್ದ ಆಶಾ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದರು. “ಸಾರ್, ಹಂಗೆ ಕೇಳಿದ್ರೆ ಯಾರೂ ಹೇಳಲ್ಲ. ಗ್ಯಾನ ತಪ್ಪಿತ್ತಾ, ಬಾಯಲ್ಲಿ ನೊರೆ ಬಂದಿತ್ತಾ, ಕೈಗೆ ಬೀಗದ ಕೈ ಕೊಟ್ಟಿದ್ರಾ ಅಂತ ಕೇಳಿ” ಅಂದರು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದು ನಮ್ಮಲ್ಲಿ ಹಳೇ ಅಭ್ಯಾಸ. ಅದರಿಂದ ಪ್ರಯೋಜನವೇನೂ ಇಲ್ಲ. ಆದರೆ ಕಾಯಿಲೆಯ ಹೆಸರು ಹೇಳದೇ ಕಾಯಿಲೆಯನ್ನು ಪತ್ತೆಮಾಡಲು ಇದಕ್ಕಿಂತ ಒಳ್ಳೆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಮದುವೆ ವಯಸ್ಸಿನ ಮಗಳಿರುವ ಮನೆಯಲ್ಲಿ ‘ಪಿಡ್ಸು’ ಅನ್ನುವ ಮಾತನ್ನೇ ಎತ್ತಬಾರದು ಅಂತಲೂ ಅವರೇ ಹೇಳಿದರು. ಅಂಥ ಮನೆಯಲ್ಲಿ ‘ಭಾನುವಾರ ತಲೆಸ್ನಾನ ಮಾಡಿದಾಗ ತಲೆ ತಿರುಗುತ್ತಾ?’ ಅಂತ ಶುರುಮಾಡಿದೆವು. ಬಾಗಿಲು ತೆರೆಯಿತು.

ಈ ಕಥೆಯನ್ನು ಎರಡನೇ ಅರ್ಜಿಯಲ್ಲಿ ಹಾಗೇ ಬರೆದೆವು. ಬೀಗದ ಕೈಯನ್ನೂ ಬಿಡಲಿಲ್ಲ. ಆರ್21ಗೆ ಸಂಶೋಧನೆಯ ವಿವರ ಬರೆಯಲು ಸಿಗುವುದೇ ಆರು ಪುಟ. ಅದರಲ್ಲಿ ಕಾಲು ಪುಟ ಇದಕ್ಕೆ ಕೊಟ್ಟಾಗ ಪ್ರೊಫೆಸರ್‌ಗೆ ಅಳುಕಿತ್ತು. ಹಳೇ ಟೀಕೆಗಳಿಗೆ ಉತ್ತರ ಕೊಡಲು ಬೇರೆಯಾಗಿ ಒಂದು ಪುಟ ಇರುತ್ತದೆ. ಅಲ್ಲಿ ವಾದ ಮಾಡಲಿಲ್ಲ. ತಪ್ಪಿದ್ದ ಕಡೆ ತಪ್ಪು ಎಂದೆವು. ಚೊಂಬಿನ ಚಿತ್ರವನ್ನೂ ಹಾಕಿದೆವು! ಈ ಸಲ ಚರ್ಚೆಗೆ ಬಂತು, ಅಂಕವೂ ಚೆನ್ನಾಗಿ ಬಂತು, 2020ರ ಮಧ್ಯದಲ್ಲಿ ಗ್ರಾಂಟ್ ಪತ್ರ ಬಂತು.

ಸಂಶೋಧನೆ ಬರೆಯುವುದು ಸುಲಭದ ಭಾಗ ಅಂತ ಆಮೇಲೆ ಗೊತ್ತಾಯಿತು.

ನಮ್ಮ ಲೆಕ್ಕದ ವಿಭಾಗದಲ್ಲಿ ಒಬ್ಬರು ಮೇಡಂ ಇದ್ದಾರೆ. ಗ್ರಾಂಟ್ ಯಾರಿಂದ ಬಂತು ಅಂತ ಕೇಳಿದರೆ ನಾನು ಅವರ ಹೆಸರನ್ನೇ ಹೇಳುತ್ತೇನೆ. ಮೊದಲ ಅಡ್ಡಿ ಡನ್ಸ್ ನಂಬರ್, ಅಂದರೆ ಸಂಸ್ಥೆಯ ಗುರುತಿನ ಸಂಖ್ಯೆ. ಅಮೆರಿಕ ಸರ್ಕಾರದ ದುಡ್ಡು ಪಡೆಯುವ ಸಂಸ್ಥೆಗೆ ಆಗ ಅದು ಬೇಕಿತ್ತು. 2022ರಿಂದ ಅದರ ಜಾಗಕ್ಕೆ ಯುಇಐ ಅನ್ನುವುದು ಬಂದಿದೆ. ನಮ್ಮ ಟ್ರಸ್ಟ್ ಡೀಡ್‌ನಲ್ಲಿ ಜಿಲ್ಲೆ ‘ಮೈಸೂರ್’, 2014ರ ನಂತರದ ಕಾಗದಗಳಲ್ಲಿ ‘ಮೈಸೂರು’. ಇವೆರಡೂ ಒಂದೇ ಊರು ಅಂತ ಒಪ್ಪಿಸಲು ಮೂರು ವಾರ ಹಿಡಿಯಿತು. ಎರಡನೆಯದು ‘ಪರ್ಸನ್ ಮಂತ್’, ಅಂದರೆ ಕೊಡುವ ಸಮಯವನ್ನು ತಿಂಗಳಲ್ಲಿ ಲೆಕ್ಕ ಹಾಕುವುದು. ನಾನು ಈ ಕೆಲಸಕ್ಕೆ ಶೇ 20 ಸಮಯ ಕೊಟ್ಟರೆ ಅದು ವರ್ಷಕ್ಕೆ 2.4 ತಿಂಗಳು. ಹಾಗಾದರೆ ಆ 2.4 ತಿಂಗಳು ನೀವು ರಜೆಯಾ ಅಂತ ಮೇಡಂ ಕೇಳಿದ್ದರು.

ಎರಡು ಅನುಮತಿ ಇಲ್ಲದೆ ಕೆಲಸ ಶುರುಮಾಡುವಂತಿಲ್ಲ. ನಮ್ಮ ನೈತಿಕ ಸಮಿತಿಯ ಒಪ್ಪಿಗೆ ಒಂದು. ಅಮೆರಿಕದ ದುಡ್ಡಾದ್ದರಿಂದ ಆ ದೇಶದ ಆರೋಗ್ಯ ಇಲಾಖೆಯಲ್ಲಿ ನಮ್ಮ ಸಂಸ್ಥೆ ಎಫ್‌ಡಬ್ಲ್ಯುಎ ಅನ್ನುವ ಭರವಸೆ ಪತ್ರವನ್ನೂ ನೋಂದಾಯಿಸಬೇಕು. ಇನ್ನೊಂದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮೂಲಕ ಹೋಗುವ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯದು. ವಿದೇಶಿ ಸಹಯೋಗದ ಆರೋಗ್ಯ ಸಂಶೋಧನೆ ಆ ಸಮಿತಿಯ ಮುಂದೆ ಹೋಗಲೇಬೇಕು. ಮಾಹಿತಿ, ಮಾದರಿ ದೇಶದ ಹೊರಗೆ ಹೋಗುತ್ತದೆಯೇ ಅನ್ನುವುದು ಅಲ್ಲಿ ಮುಖ್ಯ. ವಿಡಿಯೋ ಇಲ್ಲೇ ಇರುತ್ತದೆ ಅಂತ ಮೊದಲೇ ತೀರ್ಮಾನಿಸಿದ್ದು ಇಲ್ಲಿ ಕೈಹಿಡಿಯಿತು. ಆದರೂ ತಡವಾಯಿತು. ಒಂದು ಒಪ್ಪಂದ ಪತ್ರಕ್ಕೆ ನಮ್ಮ ಕಡೆಯಿಂದಲೇ ಸಹಿ ಬಿಟ್ಟುಹೋಗಿತ್ತು.

ಆಮೇಲೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ. ನಮ್ಮ ಟ್ರಸ್ಟ್‌ಗೆ ನೋಂದಣಿ ಮೊದಲೇ ಇತ್ತು, ಪುಣ್ಯ. ಆದರೆ ಗ್ರಾಂಟ್ ಪತ್ರ ಕೈಗೆ ಬಂದ ಕೆಲವೇ ತಿಂಗಳಲ್ಲಿ, 2020ರ ಸೆಪ್ಟೆಂಬರ್‌ನಲ್ಲಿ, ಕಾಯ್ದೆ ತಿದ್ದುಪಡಿಯಾಯಿತು. ವಿದೇಶಿ ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ಖರ್ಚಿನ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ಬಂದ ದುಡ್ಡನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಈ ಕೊನೆಯದು ನಮಗೆ ಪೆಟ್ಟು. ಹಳ್ಳಿ ಕೆಲಸಕ್ಕೆ ಒಂದು ಸ್ವಯಂಸೇವಾ ಸಂಸ್ಥೆಗೆ ಪಾಲು ಕೊಡುವ ಯೋಜನೆ ಇತ್ತು. ಅದನ್ನು ಕೈಬಿಟ್ಟು ಕ್ಷೇತ್ರ ಸಿಬ್ಬಂದಿಯನ್ನು ನಾವೇ ನೇಮಿಸಿಕೊಂಡೆವು. ಬಜೆಟ್ ಮತ್ತೆ ಬರೆಯಬೇಕಾಯಿತು. ಮೇಡಂ ದೆಹಲಿ ಖಾತೆಯ ಕಾಗದಗಳನ್ನು ಕೊರಿಯರ್ ಮಾಡಿ, ಫೋನ್ ಹಿಡಿದು ಕೂತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಇಂಥ ಉಪಗ್ರಾಂಟ್‌ನಲ್ಲಿ, ಅಂದರೆ ಅಮೆರಿಕದ ವಿಶ್ವವಿದ್ಯಾಲಯದ ಕೈಯಿಂದ ನಮಗೆ ಬರುವ ಪಾಲಿನಲ್ಲಿ, ದುಡ್ಡು ಮುಂಗಡ ಬರುವುದು ಕಡಿಮೆ. ನಾವು ಖರ್ಚು ಮಾಡಿ ಬಿಲ್ ಕಳಿಸಬೇಕು, ಆಮೇಲೆ ಬರುತ್ತದೆ. ಆಶಾ ಅಕ್ಕಂದಿರಿಗೆ ತಿಂಗಳ ಕೊನೆಗೆ ಕೊಡಬೇಕಾದ್ದನ್ನು ಬಿಲ್ಲಿನ ದುಡ್ಡು ಬರುವವರೆಗೆ ಕಾಯಿರಿ ಅನ್ನಲಾಗುತ್ತದೆಯೇ? ಟ್ರಸ್ಟ್‌ನವರು ಮೂರು ತಿಂಗಳ ಖರ್ಚನ್ನು ಕೈಯಿಂದ ಹಾಕಲು ಒಪ್ಪಿದ್ದರಿಂದ ಬಚಾವಾದೆವು. ಒಪ್ಪಿಸಲು ನಾನು ನಾಲ್ಕು ಸಭೆಗೆ ಹೋಗಿದ್ದೆ. ಸಂಸ್ಥೆಯ ಸಾಮಾನ್ಯ ಖರ್ಚಿಗೆ ನಮಗೆ ಸಿಕ್ಕಿದ್ದು ಶೇ 8. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಿಗೆ ಇದು ಶೇ 50ರ ಮೇಲೂ ಇರುತ್ತದೆ. ‘ಕರೆಂಟ್ ಬಿಲ್ ಅವರಿಗೊಂದು ರೇಟು, ನಮಗೊಂದು ರೇಟಾ?’ ಅಂತ ಆಡಳಿತ ಮಂಡಳಿಯಲ್ಲಿ ಒಬ್ಬರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಕೋವಿಡ್‌ನಿಂದ ಒಂದು ವರ್ಷ ಹಳ್ಳಿ ಕಡೆ ತಲೆ ಹಾಕಲಾಗಲಿಲ್ಲ. ಹೆಚ್ಚುವರಿ ದುಡ್ಡಿಲ್ಲದೆ ಅವಧಿ ಒಂದು ವರ್ಷ ಮುಂದೆ ಹೋಯಿತು. ಕೆಲಸ ಮುಗಿಯಿತು. ನಮ್ಮ ಇಬ್ಬರು ಕಿರಿಯ ವೈದ್ಯರು ಈಗ ಲೆಕ್ಕಾಚಾರ ತಾವೇ ಮಾಡುತ್ತಾರೆ. ಪ್ರಶ್ನಾವಳಿಯ ಕೊನೆಯ ರೂಪದಲ್ಲಿ ಬೀಗದ ಕೈ ಪ್ರಶ್ನೆ ಉಳಿದಿದೆ.

ಮುಂದಿನ ದೊಡ್ಡ ಗ್ರಾಂಟ್‌ಗೆ ತಯಾರಿ ನಡೆಸುತ್ತಿದ್ದಾಗ, 2025ರ ಮೇ ತಿಂಗಳಲ್ಲಿ ಎನ್‌ಐಎಚ್ ತನ್ನ ನಿಯಮ ಬದಲಾಯಿಸುವುದಾಗಿ ಹೇಳಿತು. ಹೊಸ ವ್ಯವಸ್ಥೆ ಬರುವವರೆಗೆ ವಿದೇಶಿ ಉಪಗ್ರಾಂಟ್ ಇರುವ ಅರ್ಜಿಗಳಿಗೆ ದುಡ್ಡಿಲ್ಲ ಅಂತ. ನಾವು ಕೂತು ಯೋಚಿಸಿದೆವು. ಒಂದೇ ಬಾವಿ ನಂಬಿಕೊಂಡರೆ ಹೀಗೇ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ 2008ರಿಂದ ನಡೆಸುತ್ತಿರುವ ಇಂಡಿಯಾ ಅಲಯನ್ಸ್ ಫೆಲೋಶಿಪ್‌ಗೆ ನಮ್ಮ ಕಿರಿಯ ವೈದ್ಯೆಯೊಬ್ಬರು ಅರ್ಜಿ ಬರೆಯುತ್ತಿದ್ದಾರೆ. ಐಸಿಎಂಆರ್‌ಗೆ ನಾನು ಬರೆಯುತ್ತಿದ್ದೇನೆ. ಬ್ರಿಟನ್ನಿನ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ಆರ್‌ನ ಜಾಗತಿಕ ಆರೋಗ್ಯ ಯೋಜನೆಯ ಬಗ್ಗೆ ಅಲ್ಲಿನ ಒಬ್ಬರ ಜೊತೆ ಮಾತು ನಡೆದಿದೆ. ಮೊದಲ ಫೋನಿನಲ್ಲೇ ವಿಡಿಯೋ ಎಲ್ಲಿರುತ್ತದೆ, ಲೇಖನದಲ್ಲಿ ಮೊದಲ ಹೆಸರು ಯಾರದು, ಮುಂಗಡ ಎಷ್ಟು ಕೊಡುತ್ತೀರಿ, ಮೂರನ್ನೂ ಕೇಳಿಬಿಟ್ಟೆ. ಈ ಸಲ ನಾಚಿಕೆಯಾಗಲಿಲ್ಲ.

ಹೋದ ವಾರ ಆ ಕಡತ ಹಿಡಿದುಕೊಂಡು ಲೆಕ್ಕದ ವಿಭಾಗಕ್ಕೆ ಹೋದೆ. ಮೇಡಂ ಕನ್ನಡಕ ಏರಿಸಿ ನೋಡಿದರು. “ಸಾರ್, ಈ ಸಲ ಡಾಲರಾ, ಪೌಂಡಾ, ನಮ್ಮ ರೂಪಾಯಿನಾ? ಮೊದಲೇ ಹೇಳಿಬಿಡಿ” ಅಂದರು. ಕುರ್ಚಿ ಎಳೆದುಕೊಂಡು ಕೂತೆ.