ಇಂಗಿನ ಡಬ್ಬದಲ್ಲಿ ಗೋಧಿ ಉಂಟು, ನೋಡಿ ತನ್ನಿ

ನಮ್ಮ ಉಡುಪಿ ಕಡೆಯ ಊಟದಲ್ಲಿ ಗೋಧಿ ಕಡಿಮೆ. ಬೆಳಗ್ಗೆ ನೀರುದೋಸೆಯೋ ಕೊಟ್ಟೆ ಕಡುಬೋ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಿಡುವಿದ್ದ ದಿನ ಒತ್ತು ಶ್ಯಾವಿಗೆ. ಹಾಗಾಗಿ ಮನೆಯಲ್ಲಿ ಯಾರಿಗಾದರೂ ಸೀಲಿಯಾಕ್, ಅಂದರೆ ಗೋಧಿ ಕರುಳಿಗೆ ಆಗದ ಕಾಯಿಲೆ, ಅಂತ ಗೊತ್ತಾಗಿ ಡಾಕ್ಟರು ಗೋಧಿ ಬಿಡಿಸಿದರೆ ನಮ್ಮ ಹೆಂಗಸರು ಅಷ್ಟಾಗಿ ಹೆದರುವುದಿಲ್ಲ. ಚಪಾತಿ, ಬನ್ಸ್, ಗೋಳಿಬಜೆ ನಿಲ್ಲಿಸಿದರೆ ಆಯಿತು ಅಂದುಕೊಳ್ಳುತ್ತಾರೆ. ದಿನಾ ಸಾರಿಗೆ, ಹುಳಿಗೆ, ಮಜ್ಜಿಗೆಗೆ ಬೀಳುವ ಇಂಗಿನ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ನಾನು ಹೇಳಬೇಕೆಂದಿರುವುದು ಅದರ ವಿಷಯವನ್ನೇ.

ಅಂಗಡಿಯಲ್ಲಿ ಸಿಗುವ ಇಂಗು ಬಹುಪಾಲು ಬರೀ ಇಂಗಲ್ಲ. ಇರಾನ್, ಅಫ್ಘಾನಿಸ್ತಾನದ ಒಣ ಗುಡ್ಡಗಳಲ್ಲಿ ಬೆಳೆಯುವ ಗಿಡದ ಬೇರಿನ ಹತ್ತಿರ ಗೀರು ಹಾಕಿದರೆ ಹಾಲಿನಂಥ ಅಂಟು ಒಸರುತ್ತದೆ. ಅದು ಒಣಗಿದ್ದೇ ನಿಜವಾದ ಇಂಗು. ನಮ್ಮ ದೇಶಕ್ಕೆ ಅದು ಹೊರಗಿನಿಂದಲೇ ಬರಬೇಕಿತ್ತು. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಮೊದಲ ಸಸಿ ನೆಟ್ಟದ್ದು 2020ರ ಅಕ್ಟೋಬರಿನಲ್ಲಿ. ಆ ಅಂಟನ್ನು ಹಾಗೇ ಒಗ್ಗರಣೆಗೆ ಹಾಕಿದರೆ ಅಡಿಗೆ ಕಹಿಯಾಗುತ್ತದೆ, ಘಾಟು ತಡೆಯುವುದಿಲ್ಲ. ಅದಕ್ಕೇ ತಿನ್ನುವ ಗೋಂದು ಮತ್ತು ಹಿಟ್ಟು ಸೇರಿಸಿ ಹದ ಮಾಡುತ್ತಾರೆ. ಇದು ಕಲಬೆರಕೆಯಲ್ಲ, ಕಾನೂನೇ ಒಪ್ಪಿದ ಕ್ರಮ. ಡಬ್ಬದ ಮೇಲೆ ‘ಕಾಂಪೌಂಡೆಡ್’ ಅಂತ ಬರೆದಿರುವುದು ಇದಕ್ಕೇ. ಅಂಥ ಇಂಗಿನಲ್ಲಿ ಮದ್ಯಸಾರಕ್ಕೆ (ಆಲ್ಕೋಹಾಲಿಗೆ) ಕರಗುವ ನಿಜ ಇಂಗಿನ ಸತ್ವ ನೂರಕ್ಕೆ 5 ಪಾಲು ಇದ್ದರೂ ಸಾಕು. ಸೇರಿಸುವ ಹಿಟ್ಟು ಹೆಚ್ಚಾಗಿ ಗೋಧಿಯದ್ದು ಇಲ್ಲವೇ ಮೈದಾ. ಡಬ್ಬದ ಪುಡಿಯಲ್ಲೂ ಉಂಟು, ಹಳಬರು ನೆಚ್ಚುವ ಗಟ್ಟಿ ಇಂಗಿನಲ್ಲೂ ಉಂಟು. ಗಟ್ಟಿ ಇದ್ದರೆ ಶುದ್ಧ ಎಂಬ ನಂಬಿಕೆ ಬಿಟ್ಟುಬಿಡಿ.

ಒಂದು ಚಿಟಿಕೆ ಇಂಗಿನಲ್ಲಿ ಎಷ್ಟು ಗೋಧಿ ಇದ್ದೀತು ಅಂತ ಕೇಳುತ್ತೀರಿ. ಉಳಿದ ಹೆಚ್ಚಿನವರಿಗೆ ಅದು ಲೆಕ್ಕಕ್ಕಿಲ್ಲ. ಸಕ್ಕರೆ ಕಾಯಿಲೆಯವರು ಇದಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ, ಸುಮ್ಮನೆ ದುಬಾರಿ ಇಂಗಿಗೆ ಹಣ ಸುರಿಯಬೇಡಿ. ಆದರೆ ಸೀಲಿಯಾಕ್ ಇರುವವರ ಕರುಳು ಗೋಧಿಯಲ್ಲಿರುವ ಗ್ಲೂಟನ್ ಎಂಬ ಪ್ರೋಟೀನ್ ಕಂಡರೆ ತನ್ನನ್ನೇ ಕೆಡಿಸಿಕೊಳ್ಳುತ್ತದೆ. ಕುದಿಸಿದರೂ ಹುರಿದರೂ ಗ್ಲೂಟನ್ ಹೋಗುವುದಿಲ್ಲ. ‘ಗ್ಲೂಟನ್ ಫ್ರೀ’ ಅಂತ ಬರೆಯಬೇಕಾದರೆ ಒಂದು ಕಿಲೋ ಪದಾರ್ಥದಲ್ಲಿ 20 ಮಿಲಿಗ್ರಾಂ ದಾಟಬಾರದು ಎಂದು ನಿಯಮವೇ ಉಂಟು. ಆ ಅಳತೆ ನೋಡಿದರೆ ವಿಷಯದ ಸೂಕ್ಷ್ಮ ನಿಮಗೇ ತಿಳಿಯುತ್ತದೆ. ಮೇಲಾಗಿ ನಮ್ಮದು ವಾರಕ್ಕೊಮ್ಮೆ ಇಂಗು ಹಾಕುವ ಅಡಿಗೆಯಲ್ಲ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟ ಮನೆಯಲ್ಲಂತೂ ಪರಿಮಳಕ್ಕೆ ಅದೇ ಆಧಾರ, ಎರಡು ಹೊತ್ತೂ ಬೀಳುತ್ತದೆ. ನನ್ನ ತಂಗಿಯ ಮೊಮ್ಮಗಳು ಗೋಧಿ ಬಿಟ್ಟ ಮೇಲೂ ಹೊಟ್ಟೆನೋವು ಅಂತ ಮುದುಡಿ ಮಲಗುತ್ತಿದ್ದಳು. ಅಡಿಗೆಮನೆಯ ಡಬ್ಬಗಳನ್ನೆಲ್ಲ ಒಂದೊಂದಾಗಿ ಓದಿಸಿದಾಗ ಸಿಕ್ಕಿದ್ದು ಇಂಗು ಮತ್ತು ಅಂಗಡಿಯ ಸಾರಿನ ಪುಡಿ. ಆ ಮಗುವಿನ ಮುಖ ನೋಡಿದ ಮೇಲೆ ಈ ವಿಷಯವನ್ನು ಎಲ್ಲರಿಗೂ ಹೇಳಬೇಕು ಅಂತ ನನಗೆ ಅನಿಸಿದ್ದು.

ಹಾಗಾಗಿ ಕನ್ನಡಕ ಹಾಕಿಕೊಂಡು ಡಬ್ಬದ ಹಿಂಬದಿ ಓದಿ. ಯಾವುದು ಹೆಚ್ಚು ತೂಕವೋ ಅದರ ಹೆಸರು ಮೊದಲು ಇರುತ್ತದೆ. ‘ವೀಟ್’, ‘ಮೈದಾ’, ‘ರಿಫೈನ್ಡ್ ಫ್ಲೋರ್’ ಕಂಡರೆ ಅದು ಬೇಡ. ಹಸಿರು ಚುಕ್ಕೆ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ, ಅದು ಸಸ್ಯಾಹಾರ ಅಂತ ಮಾತ್ರ ಹೇಳುತ್ತದೆ. ಅಕ್ಕಿಹಿಟ್ಟು ಸೇರಿಸಿ ಗ್ಲೂಟನ್ ಫ್ರೀ ಅಂತ ಬರೆದ ಇಂಗು ಈಗ ಸಿಗುತ್ತದೆ, ಸೀಲಿಯಾಕ್ ಇರುವವರಿಗೆ ಅದು ಆಗುತ್ತದೆ. ಚೀಟಿಯಿಲ್ಲದೆ ಬಿಡಿಯಾಗಿ ತೂಗಿ ಕೊಡುವ ಇಂಗನ್ನು, ಗ್ರಂದಿಗೆ ಅಂಗಡಿಯವರು ಎಷ್ಟು ಪರಿಚಯದವರಾದರೂ, ಈ ಕಾಯಿಲೆ ಇದ್ದವರಿಗೆ ತರಬೇಡಿ.

ಏಕಾದಶಿಯವರ ಕಥೆ ಬೇರೆ. ಕೆಲವು ಮನೆಗಳಲ್ಲಿ ಅನ್ನ ಮಾತ್ರ ಬಿಡುವುದು, ಗೋಧಿಯ ಫಲಾಹಾರ ನಡೆಯುತ್ತದೆ. ಕೆಲವರು ಧಾನ್ಯವನ್ನೇ ಮುಟ್ಟುವುದಿಲ್ಲ. ಅಂಥವರಿಗೆ ಗೋಧಿಯ ಇಂಗೂ ಆಗದು, ಮೇಲೆ ಹೇಳಿದ ಅಕ್ಕಿಹಿಟ್ಟಿನ ಇಂಗೂ ಆಗದು. ಗ್ಲೂಟನ್ ಫ್ರೀ ಅಂತ ಕಂಡ ಕೂಡಲೇ ವ್ರತದವರಿಗೂ ಅದನ್ನೇ ಹಾಕಿಬಿಡಬೇಡಿ. ಅವರಿಗೆ ಗೋಂದು ಮಾತ್ರ ಸೇರಿದ್ದು, ಇಲ್ಲವೇ ಏನೂ ಸೇರದ ಅಪ್ಪಟ ಅಂಟು ಬೇಕು. ಎರಡೂ ಇಲ್ಲದಿದ್ದರೆ ಆ ದಿನ ಇಂಗಿಲ್ಲದೆ ಮಾಡಿ. ತೆಂಗಿನೆಣ್ಣೆಯಲ್ಲಿ ಜೀರಿಗೆ, ಕರಿಬೇವು, ಚೂರು ಶುಂಠಿ ಬಾಡಿಸಿದರೆ ಸಾಕಷ್ಟು ರುಚಿ ಬರುತ್ತದೆ.

ಅಪ್ಪಟ ಇಂಗು ತಂದರೆ ಕೈ ಬಿಗಿ ಇರಲಿ. ಡಬ್ಬದ ಪುಡಿ ಕಾಲು ಚಮಚ ಹಾಕುತ್ತಿದ್ದ ಕಡೆ ಇದು ಸಾಸಿವೆ ಕಾಳಿನಷ್ಟು ಸಾಕು. ತುಪ್ಪ ಅಥವಾ ಎಣ್ಣೆ ಬಿಸಿಯಾದ ಮೇಲೆ ಹಾಕಿ, ಅದು ಉಬ್ಬಿ ಅರಳಿದ ಕೂಡಲೇ ಉರಿ ಆರಿಸಿ. ತೊವ್ವೆಗಾದರೆ ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ, ಆ ನೀರನ್ನು ಕೊನೆಗೆ ಹಾಕುವುದೇ ಒಳ್ಳೆಯದು. ಗಾಜಿನ ಬಾಟ್ಲಿಯಲ್ಲಿ ಬಿಗಿಯಾಗಿ ಮುಚ್ಚಿ, ಅದನ್ನು ಇನ್ನೊಂದು ಡಬ್ಬದೊಳಗೆ ಇಡಿ, ಕಾಫಿಪುಡಿಯ ಹತ್ತಿರ ಮಾತ್ರ ಬೇಡ.

ಅಂಗಡಿಯವರ ಮಾತು ಪರೀಕ್ಷಿಸಬೇಕೆಂದರೆ ಚೂರು ಇಂಗನ್ನು ಸ್ಟೀಲ್ ಚಮಚದಲ್ಲಿಟ್ಟು ಹೊತ್ತಿಸಿ. ಅಪ್ಪಟವಾದರೆ ಕರ್ಪೂರದ ಹಾಗೆ ಉರಿಯುತ್ತದೆ. ನೀರಿಗೆ ಹಾಕಿ ಕುಲುಕಿದರೆ ಹಾಲಿನ ಬಣ್ಣ ಬರಬೇಕು, ಅಡಿಯಲ್ಲಿ ಮಣ್ಣು ಕೂರಬಾರದು. ಆ ನೀರಿಗೆ ಮೆಡಿಕಲಿನ ಅಯೋಡಿನ್ ಒಂದು ತೊಟ್ಟು ಬಿಟ್ಟಾಗ ನೀಲಿಯಾದರೆ ಹಿಟ್ಟು ಉಂಟು ಅಂತಾಯಿತು. ಅಕ್ಕಿಯೋ ಗೋಧಿಯೋ ಎಂದು ಅಯೋಡಿನ್ ಹೇಳುವುದಿಲ್ಲ, ಆದ್ದರಿಂದ ಕಾಯಿಲೆಯವರ ವಿಷಯದಲ್ಲಿ ಇದನ್ನೇ ನಂಬಿ ಕೂರಬೇಡಿ.

ಇಂಗು ಬದಲಿಸಿದ ಮೇಲೆ ಅದು ಸೇರಿದ ಉಳಿದವುಗಳನ್ನೂ ನೋಡಬೇಕು: ಹುಳಿಪುಡಿ, ಉದ್ದಿನ ಹಪ್ಪಳ, ಚಕ್ಕುಲಿ, ಮಿಡಿ ಉಪ್ಪಿನಕಾಯಿ, ಪ್ಯಾಕೆಟ್ಟಿನ ಮಸಾಲೆ ಮಜ್ಜಿಗೆ. ಪುಡಿಗಳನ್ನು ಮನೆಯಲ್ಲೇ ಮಾಡಿಕೊಂಡರೆ ಅರ್ಧ ಚಿಂತೆ ಕಳೆಯಿತು. ಇಂಗಿನ ಡಬ್ಬಕ್ಕೆ ಬೇರೆ ಚಮಚ ಇರಲಿ, ಚಪಾತಿ ಹಿಟ್ಟು ಮುಟ್ಟಿದ ಕೈ ಅದರೊಳಗೆ ಹೋಗದಿರಲಿ.

ಕಷ್ಟವಾಗುವುದು ಮದುವೆ, ಉಪನಯನದ ಊಟದಲ್ಲಿ. ಬಾಳೆ ಎಲೆಗೆ ಬಡಿಸುವುದೆಲ್ಲ ಅಕ್ಕಿ, ಬೇಳೆ, ತೆಂಗಿನಕಾಯಿಯದ್ದು ಅಂತ ಕಂಡರೂ ಸಾರು, ಸಾಂಬಾರು, ಗೊಜ್ಜು ಎಲ್ಲದರಲ್ಲೂ ಇಂಗು ಇರುತ್ತದೆ. ಸಂಕೋಚಪಡದೆ ಹಿಂದಿನ ದಿನವೇ ಅಡಿಗೆ ಭಟ್ಟರಿಗೆ ಹೇಳಿ, ಮಗುವಿಗೆ ಬೇಕಾದಷ್ಟು ಬೇಯಿಸಿದ ಬೇಳೆಯನ್ನು ಇಂಗು, ಪುಡಿ ಬೀಳುವ ಮೊದಲೇ ಶುದ್ಧ ಪಾತ್ರೆಯಲ್ಲಿ ತೆಗೆದಿಡಲು ಕೇಳಿಕೊಳ್ಳಿ. ಒಗ್ಗರಣೆಯನ್ನು ಮನೆಯಿಂದಲೇ ಸಣ್ಣ ಬಾಟ್ಲಿಯಲ್ಲಿ ಒಯ್ದರಾಯಿತು.