ಆಡನ್ನು ಉಳಿಸಿದ್ದು ವಾರದ ಮುನ್ನೂರು ರೂಪಾಯಿ

"ಆಡು ಕೊಟ್ರೆ ಮಾರಿ ತಿಂತಾರೆ, ಬರೆದಿಟ್ಕೊಳ್ಳಿ" ಅಂತ ಬಡ ಹೆಂಗಸರಿಗೆ ಆಡು ಕೊಡುವ ನಮ್ಮ ಸಮಿತಿಯಲ್ಲೇ ಒಬ್ಬರು ಹೇಳಿದ್ದರು. ಮೊದಲ ಸಲ ಅವರ ಮಾತೇ ನಿಜವಾಯಿತು.

ಕಲಬುರಗಿ ಜಿಲ್ಲೆಯ ಸೇಡಂ ಕಡೆಯ ಎರಡು ಊರು. ಹೊಲ ಇಲ್ಲದ, ಒಬ್ಬಂಟಿಯಾಗಿ ಮನೆ ನಡೆಸುವ ಇಪ್ಪತ್ತು ಹೆಂಗಸರು. ಸಂತೆಯಿಂದ ಒಂದೇ ದಿನ ನಲವತ್ತು ಆಡು ತಂದು, ಅವತ್ತೇ ಪಿಪಿಆರ್ (ಆಡು-ಕುರಿಗಳಿಗೆ ಹರಡುವ ಮಾರಕ ರೋಗ) ಲಸಿಕೆ ಹಾಕಿಸಿದೆವು. ಏನು ಉಪಯೋಗ? ರೋಗ ಸಂತೆಯಲ್ಲೇ ಹತ್ತಿತ್ತು. ಹದಿನೈದು ದಿನದಲ್ಲಿ ಹದಿಮೂರೋ ಹದಿನಾಲ್ಕೋ ಸತ್ತವು. ಉಳಿದವು ಮಳೆಗಾಲದಲ್ಲಿ ಒಂದೊಂದಾಗಿ ಮಾರಾಟವಾದವು. ಹತ್ತಿರ ಹತ್ತಿರ ಮೂರು ಲಕ್ಷ ನೀರಿಗೆ ಹೋಯಿತು.

ಸಿಟ್ಟಿನಲ್ಲೇ ಒಬ್ಬಾಕೆಯ ಮನೆಗೆ ಹೋದೆ. ಹೊತ್ತು ಮಧ್ಯಾಹ್ನವಾಗಿತ್ತು, ಒಲೆ ಹಚ್ಚಿರಲಿಲ್ಲ. "ಎಂಟ್ ದಿನ ಮಳಿ ಬಿಡ್ಲಿಲ್ರಿ ಸರ, ಕೂಲಿ ಇಲ್ಲ. ಕೂಸಿಗಿ ಜ್ವರ. ಆಡಿನ ಮಖ ನೋಡ್ಕೋತ ಕೂಡ್ಲೇನ್ರಿ?" ಅಂದಳು. ಆಡು ಗಬ್ಬವಾದರೆ ಈಯಲು ಐದು ತಿಂಗಳು, ಮರಿ ಬೆಲೆಗೆ ಬರಲು ಮತ್ತೆ ಆರೇಳು ತಿಂಗಳು. ಅಲ್ಲಿವರೆಗೆ ಅವಳು ಏನು ತಿನ್ನಬೇಕು ಅನ್ನೋದು ನಮ್ಮ ಲೆಕ್ಕದಲ್ಲೇ ಇರಲಿಲ್ಲ.

ಎರಡನೇ ಸಲ ಆಡಿನ ಜೊತೆ ವಾರಕ್ಕೆ 300 ರೂಪಾಯಿ ಕೊಟ್ಟೆವು, ಇಪ್ಪತ್ತಾರು ವಾರ. ಇದು ನನ್ನ ತಲೆಯದಲ್ಲ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲೇ ಕಡುಬಡವರಿಗೆ ಹಸು, ಆಡಿನ ಜೊತೆ ಕೈಖರ್ಚನ್ನೂ ಕೊಡಲು ಶುರುಮಾಡಿತ್ತು. ಆದರೂ "ಸುಮ್ನೆ ದುಡ್ಡು ಕೊಟ್ರೆ ಸೋಮಾರಿಗಳಾಗ್ತಾರೆ" ಅನ್ನೋ ಮಾತು ನಮ್ಮಲ್ಲಿ ಜಾಸ್ತಿ, ಅಲ್ವಾ? ಸಮಿತಿಯನ್ನು ಒಪ್ಪಿಸಲು ನಾಲ್ಕು ತಿಂಗಳು ಬೇಕಾಯಿತು.

ಸಂತೆಯನ್ನೂ ಬಿಟ್ಟೆವು. ಸುತ್ತಲಿನ ಊರುಗಳ ಮನೆಗಳಲ್ಲೇ ಆಡು ನೋಡಿ, ಮುಂಗಡ ಕೊಟ್ಟು, ಅಲ್ಲೇ ಲಸಿಕೆ ಹಾಕಿಸಿ, ಅದು ಹಿಡಿಯಲೆಂದು ಮೂರು ವಾರ ಬಿಟ್ಟು ತಂದೆವು. ಆರಿಸಿದ್ದು ಹೆಂಗಸರೇ. ಒಬ್ಬ ಅಜ್ಜಿ ಆಡಿನ ಬಾಯಿ ತೆಗೆದು ಹಲ್ಲು ಎಣಿಸಿ, ಕೆಚ್ಚಲಿನ ಎರಡೂ ಮೊಲೆ ಹಿಂಡಿ ನೋಡಿ, ನಾನು ಮೆಚ್ಚಿದ್ದ ಒಂದನ್ನು ಬೇಡ ಅಂದಳು. ಒಂದು ಮೊಲೆ ಕಟ್ಟಿತ್ತು. ದರ ಇಳಿಸಲು ನಾವು ಮಾಡುವ ಉಪಾಯ ಒಂದಿದೆ. ಅದನ್ನು ಬರೆಯಲ್ಲ, ದಲ್ಲಾಳಿಗಳೂ ಓದುತ್ತಾರೆ.

ನಡುವೆ ಮೇವಿಗೆ ಅಜೋಲಾ (ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಗಿಡ) ಬೆಳೆಸುವ ಹುಚ್ಚೂ ಹತ್ತಿತ್ತು. ಆರು ಗುಂಡಿ ತೋಡಿಸಿದೆ. ಏಪ್ರಿಲ್ ಬಿಸಿಲಿಗೆ ಎಲ್ಲ ಬೆಂದುಹೋಯಿತು. ಇದ್ದಾಗಲೂ ಆಡುಗಳು ಮೂಸಿ ಮುಖ ತಿರುಗಿಸುತ್ತಿದ್ದವು. ನಮ್ಮ ಕಡೆ ತೊಗರಿ ಹೊಟ್ಟು ಕಣದಲ್ಲೇ ಸಿಗುವಾಗ ನನಗೆ ಅದು ಬೇಕಿತ್ತಾ!

ಒಬ್ಬರಿಗೆ ಎಲ್ಲ ಸೇರಿ ಇಪ್ಪತ್ತಾರು ಸಾವಿರದ ಆಸುಪಾಸು ಬಿತ್ತು. ಎರಡನೇ ಸಲ ಆಡು ಕೊಟ್ಟ ಇಪ್ಪತ್ತೆರಡು ಮನೆಗಳಲ್ಲಿ ಹತ್ತೊಂಬತ್ತರಲ್ಲಿ ಎರಡು ವರ್ಷದ ಮೇಲೂ ಆಡು ಇವೆ, ಕೆಲವರ ಹತ್ತಿರ ಏಳೆಂಟು. ಬಕ್ರೀದ್‌ಗೆ ಮುಂಚೆ ಹೋತ ಮಾರಿ ಒಬ್ಬಾಕೆ ಮನೆಗೆ ತಗಡು ಹಾಕಿಸಿದಳು. ಬರೆದಿಟ್ಕೊಳ್ಳಿ ಅಂದವರನ್ನು ಆ ತಗಡಿನ ಕೆಳಗೇ ಕೂರಿಸಿ ಚಹಾ ಕುಡಿಸಿದೆ.

ಉಳಿದ ಮೂವರಲ್ಲಿ ಒಬ್ಬಾಕೆ ಮಗಳ ಮದುವೆಗೆ ಮಾರಿದಳು. ಇಬ್ಬರು ಪುಣೆಗೆ ದುಡಿಯಲು ಹೋದರು. ಹೋಗುವಾಗ ಆಡುಗಳನ್ನು ಪಕ್ಕದ ಮನೆಯವರಿಗೆ ಪಾಲಿಗೆ ಬಿಟ್ಟು ಹೋಗಿದ್ದಾರೆ, ಮರಿಯಲ್ಲಿ ಅರ್ಧ ಅವರದೇ.